ಜೋಳಿಗೆಗೆ ಏನು ಹಾಕುತ್ತೀರಿ?

ವಾರ್ಡಿನಿಂದ ಎದ್ದು ಬಂದಿರುವ ಹಿರಿಯರೇ, ಅವರ ಆರೈಕೆಗೆಂದು ನಿದ್ದೆಗೆಟ್ಟಿರುವ ತಾಯಂದಿರೇ, ಅಣ್ಣತಮ್ಮಂದಿರೇ,

ತನ್ನನ್ನು ತಾನು ಅರಿಯುವುದೆಂದರೆ ದೊಡ್ಡ ವೇದಾಂತ, ಅದು ಸ್ವಾಮಿಗಳಿಗೆ, ಓದಿದವರಿಗೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ನಾನು ಅದನ್ನು ಕಾಫಿ ತೋಟದಿಂದಲೇ ಶುರು ಮಾಡುತ್ತೇನೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಮೊದಲಿಗೆ ದೂರದಿಂದ ಗೊತ್ತಾಗುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ, ಹುಳು ಒಳಗೆ ಕೊರೆಯುತ್ತಿರುತ್ತದೆ. ಎಲೆ ಹಳದಿ ತಿರುಗಿ ಬಾಡುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ತಿಳಿದವರು ಸಾಲು ಹಿಡಿದು ನಡೆದು, ಕಾಂಡದ ಮೇಲೆ ಏಣಿನ ಹಾಗೆ ಉಬ್ಬಿದೆಯೇ ಎಂದು ಬಗ್ಗಿ ನೋಡುತ್ತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಇಷ್ಟು ವರ್ಷಗಳ ವಿಜ್ಞಾನದ ಮೇಲೂ ಈ ಬಗ್ಗಿ ನೋಡುವ ಕೆಲಸ ಮಾತ್ರ ತಪ್ಪಿಲ್ಲ!

ಮನುಷ್ಯನೊಳಗೂ ಇಂಥ ಹುಳುಗಳುಂಟು. ನಮ್ಮ ಮೂಡಿಗೆರೆ, ಕಳಸದ ಕಡೆ ಮಳೆ, ಚಳಿ, ಮೈಕೈ ನೋವು ಎಂಬ ನೆಪದಲ್ಲಿ ಒಳಹೊಕ್ಕು ಕೂರುವುದು ಕುಡಿತ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅವರು 1975ರಲ್ಲಿ ಜೋಳಿಗೆ ಹಿಡಿದು ಮನೆಬಾಗಿಲಿಗೆ ಹೊರಟರು. ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದರು. ಅದೇ ಮಹಾಂತ ಜೋಳಿಗೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಈ ಜೋಳಿಗೆಯ ಒಳಗುಟ್ಟನ್ನು ಗಮನಿಸಿ. ಅದಕ್ಕೆ ಏನಾದರೂ ಹಾಕಬೇಕಾದರೆ ನನ್ನ ಹತ್ತಿರ ಏನಿದೆ ಎಂದು ಮೊದಲು ನಾನೇ ನೋಡಿಕೊಳ್ಳಬೇಕು. ನನ್ನಲ್ಲಿ ಏನೂ ಇಲ್ಲ ಎನ್ನುವವನು ಏನನ್ನು ತಾನೇ ಹಾಕಿಯಾನು? ಚಟ ಬಿಡುವುದು ಆಮೇಲಿನ ಮಾತು. ಹೌದು, ಇದು ನನ್ನಲ್ಲಿದೆ ಎಂದು ಬಾಯಿಬಿಟ್ಟು ಹೇಳುವುದೇ ಮೊದಲ ಅರಿವು.

ಆಸ್ಪತ್ರೆಯಲ್ಲಂತೂ ಇದು ಪ್ರಾಣದ ಪ್ರಶ್ನೆ. ಕಾಲು ಮುರಿದೋ, ಜ್ವರ ಬಂದೋ ಒಬ್ಬರು ಸೇರಿಕೊಳ್ಳುತ್ತಾರೆ. ಕುಡಿತ ಇದೆಯಾ ಎಂದರೆ, "ಯಾವಾಗಲಾದರೂ ಸ್ವಲ್ಪ" ಎನ್ನುತ್ತಾರೆ. ನಿತ್ಯ ಬಹಳ ಕುಡಿಯುತ್ತಿದ್ದವರಿಗೆ ಅದು ಒಮ್ಮೆಲೇ ನಿಂತರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗಬಹುದು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನ ಇಲ್ಲದ್ದು ಕಂಡಂತಾಗಿ ಕೂಗಾಡುವುದೂ ಉಂಟು. ಮನೆಯವರು ಗಾಳಿ ಸೋಕಿದೆ ಎಂದು ಹೆದರುತ್ತಾರೆ. ಅದು ಗಾಳಿಯಲ್ಲ, ಮದ್ದಿರುವ ಕಾಯಿಲೆ. ಮೊದಲೇ ಗೊತ್ತಿದ್ದರೆ ಡಾಕ್ಟರು ಔಷಧಿ, ಬಿ1 ವಿಟಮಿನ್ ಕೊಟ್ಟು ಬಹುಮಟ್ಟಿಗೆ ತಡೆಯಬಲ್ಲರು. ಗೊತ್ತಿಲ್ಲದಿದ್ದರೆ ಜೀವಕ್ಕೇ ಅಪಾಯ. ಹೀಗಿರುವಾಗ ಪಾಪ, ನಡುಗುತ್ತಿದ್ದಾರೆ ಎಂದು ಕದ್ದು ಒಂದು ಕ್ವಾರ್ಟರ್ ತಂದು ಕುಡಿಸುವ ಬಂಧುಗಳಿದ್ದಾರೆ. ದಯಮಾಡಿ ಹಾಗೆ ಮಾಡಬೇಡಿ, ಸಿಸ್ಟರ್ ಅವರನ್ನು ಕರೆಯಿರಿ. ಮನೆಯಲ್ಲಿರುವ ಭಾರೀ ಕುಡುಕರೂ ಡಾಕ್ಟರನ್ನು ಕೇಳದೆ ಹಠಕ್ಕೆ ಒಂದೇ ದಿನದಲ್ಲಿ ನಿಲ್ಲಿಸಬಾರದು.

ಇನ್ನು ಮನೋಬಲದ ಮಾತು. "ಮನಸ್ಸು ಗಟ್ಟಿ ಮಾಡ್ಕೊ" ಎಂದು ಎಲ್ಲರೂ ಹೇಳುತ್ತಾರೆ, ಹೇಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ, ತಾನು ಯಾವ ಹೊತ್ತಿನಲ್ಲಿ ಸೋಲುತ್ತೇನೆಂದು ಬಲ್ಲವನೇ ಗಟ್ಟಿಗ. ಒಬ್ಬನಿಗೆ ಅದು ಬಟವಾಡೆಯ ಸಂಜೆ, ಇನ್ನೊಬ್ಬನಿಗೆ ಸಂತೆಯ ದಿನ, ಮತ್ತೊಬ್ಬನಿಗೆ ಮಳೆಗಾಲದಲ್ಲಿ ಕೆಲಸವಿಲ್ಲದೆ ಲೈನ್ ಮನೆಯಲ್ಲಿ ಕೂತ ಮಧ್ಯಾಹ್ನ. ಬಟವಾಡೆಯ ದಿನ ಸೋಲುವವನು ಹೆಂಡತಿಯನ್ನೋ ತಾಯಿಯನ್ನೋ ಜೊತೆಗೆ ಕರೆದೊಯ್ದು, ಹಣವನ್ನು ಅಲ್ಲೇ ಅವರ ಕೈಗಿಡಲಿ. ಅದರಲ್ಲಿ ಅವಮಾನವೇನೂ ಇಲ್ಲ. ಒಮ್ಮೆ ಬಿಟ್ಟು ಮತ್ತೆ ಕುಡಿದರೆ, ಯಾವ ಹೊತ್ತು, ಯಾರ ಜೊತೆ ಎಂದು ನೆನಪಿಟ್ಟುಕೊಂಡು ಬಂದು ಹೇಳಿ. ಮನೆಯವರು ಆಗ ಹಂಗಿಸಬೇಡಿ. ಹಂಗಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಮನೆಗೆ ಹೋದ ಮೇಲೆ ಮನಸ್ಸು ಕುಸಿದರೆ, ಬದುಕೇ ಬೇಡ ಎನಿಸಿದರೆ, 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾಳೆ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬರುತ್ತಾರೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ಎಂಬ ಮೂರನ್ನೂ ಅವರಿಗೆ ಹೇಳಿ. ಎಲ್ಲರೆದುರು ಸಂಕೋಚವೆನಿಸಿದರೆ ಒಬ್ಬರೇ ಮಾತಾಡಬೇಕು ಎನ್ನಿ.