ತಾಜ್ ಬಾಗಿಲು ಮುಚ್ಚಿದ್ದಾಗ



ಊರಿನಿಂದ ನೆಂಟರು ಬಂದರೆ ದಹಿಸರ್‌ನಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು ನಾವು ತೋರಿಸುವುದು ಗೇಟ್‌ವೇ ಮತ್ತು ಎದುರಿನ ತಾಜ್ ಹೋಟೆಲು. ಒಳಗೆ ಕೂತು ಚಹಾ ಕುಡಿದವರು ನಮ್ಮಲ್ಲಿ ಕಡಿಮೆ. ಆದರೂ ಅದು ನಮ್ಮ ತಾಜ್.

ಜಮ್‌ಶೇಟ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಕಮಾನಿಗಿಂತ ಎರಡು ದಶಕ ಹಿರಿಯದು. ಮೊದಲ ಮಹಾಯುದ್ಧದಲ್ಲಿ 600 ಹಾಸಿಗೆಗಳ ಆಸ್ಪತ್ರೆಯೂ ಆಗಿತ್ತು.

2008ರ ನವೆಂಬರ್ 26ರ ರಾತ್ರಿಯ ದಾಳಿ ನಿಮಗೆ ನೆನಪಿದೆ. ಗುಮ್ಮಟದ ಕೆಳಗೆ ಬೆಂಕಿ ಎದ್ದಿತು. ಅತಿಥಿಗಳನ್ನು ಕಾಪಾಡಲು ಹೋದ ಸಿಬ್ಬಂದಿ ಪ್ರಾಣ ಬಿಟ್ಟರು. ಬೆಂಗಳೂರಿನ ಮನೆಮಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲೇ ಹುತಾತ್ಮರಾದರು. ಪಕ್ಕದ ಹೊಸ ಕಟ್ಟಡ ಡಿಸೆಂಬರ್ 21ಕ್ಕೇ ತೆರೆಯಿತು. ಹಳೆಯ ಕಟ್ಟಡದ ದುರಸ್ತಿಗೆ ಇಪ್ಪತ್ತು ತಿಂಗಳು ಹಿಡಿದು, 2010ರ ಆಗಸ್ಟ್ 15ರಂದು ಅದು ಮತ್ತೆ ಬಾಗಿಲು ತೆರೆಯಿತು.

ಅಷ್ಟು ಕಾಲ ಕೆಲಸಗಾರರ ಗತಿ? ಸಂಬಳ ನಿಲ್ಲಲಿಲ್ಲ. ನೊಂದವರ ನೆರವಿಗೆ ಅದೇ ಡಿಸೆಂಬರಿನಲ್ಲಿ ಒಂದು ಟ್ರಸ್ಟ್ ಕೂಡ ಹುಟ್ಟಿತು.

ಹೋಟೆಲ್ ಉದ್ಯಮ ನಮ್ಮವರಿಗೆ ಹೊಸತಲ್ಲ. ‘ನವೀಕರಣಕ್ಕಾಗಿ ಮುಚ್ಚಿದೆ’ ಎಂಬ ಬೋರ್ಡು ಕಂಡಾಗ ಮೊದಲು ಎದೆ ಹಾರುವುದು ಮಾಣಿಗೆ, ಅಡುಗೆಭಟ್ಟರಿಗೆ. ಟಾಟಾರಷ್ಟು ಹಣ ಎಲ್ಲ ಮಾಲೀಕರಲ್ಲಿಲ್ಲ, ನಿಜ. ಆದರೆ ಮತ್ತೆ ತೆರೆಯುವ ದಿನ ಹೇಳಬಹುದು, ಅರ್ಧ ಸಂಬಳವಾದರೂ ಕೊಡಬಹುದು, ಪರಿಚಯದ ಹೋಟೆಲಿನಲ್ಲಿ ತಾತ್ಕಾಲಿಕ ಕೆಲಸ ಕೊಡಿಸಬಹುದು. ಗೋಡೆಗೆ ಬಣ್ಣ ಯಾರೂ ಬಳಿದಾರು. ಚದುರಿದ ಕೈಗಳನ್ನು ಮತ್ತೆ ಕೂಡಿಸುವುದು ಕಷ್ಟ. ನಿಮ್ಮ ಗುರುತಿನ ಮಾಲೀಕರಿಗೆ ಇಷ್ಟು ತಿಳಿಸಿ.