ಟಿಪ್ಪುವನ್ನು ಕೊಂದವರು ಯಾರು?

(ಸಂತೆಮರಹಳ್ಳಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂತೆಯ ಹೆಸರನ್ನೇ ಹೊತ್ತಿರುವ ಊರು ನಿಮ್ಮದು. ಸಂತೆಯಲ್ಲಿ ಸೇರು ರಾಗಿ ಕೊಳ್ಳುವಾಗಲೂ ನಾವು ಬೊಗಸೆಯಲ್ಲಿ ಹಿಡಿದು, ಕಲ್ಲುಮಣ್ಣು ಇದೆಯೇ ಎಂದು ನೋಡುತ್ತೇವೆ. ಇತಿಹಾಸವನ್ನು ಕೊಳ್ಳುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತೇವೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅಂದು ಕತ್ತಲಾದ ಮೇಲೆ ಜನರಲ್ ಬೇರ್ಡ್, ಮೇಜರ್ ಅಲನ್ ಮೊದಲಾದವರು ಕೋಟೆಬಾಗಿಲೊಂದರ ಕಮಾನಿನಡಿ ರಾಶಿಬಿದ್ದಿದ್ದ ಹೆಣಗಳನ್ನು ದೀಪದ ಬೆಳಕಿನಲ್ಲಿ ಸರಿಸಿ ಹುಡುಕಿಸಿದಾಗ ಟಿಪ್ಪು ಸುಲ್ತಾನರ ದೇಹ ದೊರೆಯಿತು. ಮೈ ಇನ್ನೂ ಬೆಚ್ಚಗಿತ್ತು, ಕಣ್ಣುಗಳು ತೆರೆದೇ ಇದ್ದವು. ಮೈಮೇಲೆ ಮೂರು ಗಾಯ, ಕಣತಲೆಯಲ್ಲಿ ಗುಂಡೇಟು. ಗಾಯಗೊಂಡಿದ್ದ ಸುಲ್ತಾನರ ಖಡ್ಗದ ಪಟ್ಟಿಗೆ ಬ್ರಿಟಿಷ್ ಸೈನಿಕನೊಬ್ಬ ಕೈಹಾಕಿದ, ಅವರು ಖಡ್ಗ ಬೀಸಿದರು, ಅವನು ಗುಂಡು ಹಾರಿಸಿದ. ಇದು ಪಕ್ಕದಲ್ಲೇ ಗಾಯಗೊಂಡು ಬಿದ್ದಿದ್ದ ಸೇವಕ ರಾಜಾ ಖಾನನಿಂದ ತಿಳಿದುಬಂದ ವಿವರ. ಆದರೆ ಆ ಸೈನಿಕ ಯಾರು? ಅವನ ಹೆಸರು ಇಂದಿಗೂ ನಿಗೂಢ. ದೋಚಿದ ಒಡವೆಯನ್ನು ಒಪ್ಪಿಸಬೇಕಾದೀತೆಂದು ಬಾಯಿಮುಚ್ಚಿಕೊಂಡನೋ ಏನೋ!

ಹೆಸರಿಲ್ಲದ ಈ ಖಾಲಿ ಜಾಗದಲ್ಲಿ 2022-23ರಲ್ಲಿ ಎರಡು ಹೆಸರುಗಳನ್ನು ತಂದು ಕೂರಿಸಲಾಯಿತು. ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರೇ ಟಿಪ್ಪುವನ್ನು ಕೊಂದರಂತೆ! ಅಂದಿನ ಯಾವ ದಾಖಲೆಯೂ ಇದನ್ನು ಬೆಂಬಲಿಸುವುದಿಲ್ಲ. ಆದರೂ ‘ಟಿಪ್ಪು ನಿಜಕನಸುಗಳು’ ನಾಟಕದಲ್ಲಿ ಈ ಕತೆ ಬಂತು. 2023ರ ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿನ ಮೇಲೆ ಆ ಹೆಸರುಗಳು ಮೂಡಿದವು, ಆಕ್ಷೇಪ ಎದ್ದ ಬಳಿಕ ಮರೆಯಾದವು. ಸಚಿವ ಮುನಿರತ್ನ ಸಿನಿಮಾಕ್ಕೂ ಹೊರಟರು. ಚುನಾವಣೆ ಮುಂದಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕೆರೆಯ ನೀರಿಗೆ ಗದ್ದೆ ಮಾಡುವ ಒಕ್ಕಲಿಗರನ್ನೂ ಮುಸ್ಲಿಮರನ್ನೂ ಕೊಂದವರ ಮಕ್ಕಳು, ಸತ್ತವರ ಮಕ್ಕಳು ಎಂದು ಒಡೆಯುವ ಹೂಟ ಇದಾಗಿತ್ತು. ಅದನ್ನು ತಡೆದವರು ಯಾರು? ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ. ಸೂಕ್ತ ಆಧಾರವಿಲ್ಲದೆ ಈ ಚರ್ಚೆ ಬೇಡವೆಂದು ಅವರು ತಿಳಿಹೇಳಿದರು. ಸಿನಿಮಾ ಅಲ್ಲಿಗೇ ನಿಂತಿತು. ತಮ್ಮ ಸಮುದಾಯಕ್ಕೆ ಕೀರ್ತಿ ತರುತ್ತದೆಂದು ಹೇಳಲಾದ ಸುಳ್ಳನ್ನು ಅವರು ಬೇಡವೆಂದರು ಎಂಬುದನ್ನು ದಯವಿಟ್ಟು ಗಮನಿಸಿ.

ನಾವು ಹಾಗೆ ಮಾಡಿದ್ದೇವೆಯೇ? ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿ ಇಸ್ಲಾಮ್ ಸ್ವೀಕರಿಸಿದರೆಂಬ ಕತೆಯನ್ನು ನಾವೆಲ್ಲ ಎಷ್ಟು ಖುಷಿಯಿಂದ ಹೇಳಿಕೊಂಡೆವು! ಅದು ಸುಳ್ಳೆಂದು ಸ್ವತಃ ಆರ್ಮ್‌ಸ್ಟ್ರಾಂಗ್ ಸ್ಪಷ್ಟಪಡಿಸಿದ್ದರು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಮ್ ರಾಷ್ಟ್ರಗಳಲ್ಲಿನ ತನ್ನ ರಾಯಭಾರ ಕಚೇರಿಗಳಿಗೆ ಈ ಬಗ್ಗೆ ಸಂದೇಶ ಕಳುಹಿಸಬೇಕಾಯಿತು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಅದನ್ನು ಓದುವವರೇ ಈ ಕತೆಯನ್ನು ಪರಿಶೀಲಿಸಲಿಲ್ಲ. ಕಳೆದ ರಮಝಾನ್‌ನಲ್ಲೂ ಅದು ನನ್ನ ಮೊಬೈಲಿಗೆ ಎರಡು ಬಾರಿ ಬಂತು. ಕಳುಹಿಸಿದವರಲ್ಲಿ ಒಬ್ಬರು ಇತಿಹಾಸದ ಅಧ್ಯಾಪಕರು.