ಮನೆಯೂ ಉಳಿಯಲಿ, ಹೆಣ್ಣುಮಕ್ಕಳ ಪಾಲೂ ಸಲ್ಲಲಿ
(ಹಂದನಕೆರೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹಂದನಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಈ ತೆಂಗಿನ ಸೀಮೆಯಲ್ಲಿ ಮಣ್ಣಿನ ಗೋಡೆ, ಮರದ ಕಂಬ, ನಾಡಹೆಂಚಿನ ಹಳೆಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಇಂತಹ ಮನೆಯನ್ನು ಸರಕಾರವು ಸಂರಕ್ಷಿತವೆಂದು ಘೋಷಿಸಿದರೆ ಕುಟುಂಬಕ್ಕೆ ಒಳಿತೇ, ಕೆಡುಕೇ ಎಂಬ ಪ್ರಶ್ನೆಯನ್ನು ನಾವು ಶಾಂತಚಿತ್ತದಿಂದ ಪರಿಶೀಲಿಸಬೇಕಾಗಿದೆ.

ಶ್ರೀರಂಗಪಟ್ಟಣವನ್ನು ನೋಡೋಣ. ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇಂದಿಗೂ ನಿಂತಿದೆ. 1799ರ ಬಳಿಕ ಕರ್ನಲ್ ವೆಲ್ಲೆಸ್ಲಿ ಅಲ್ಲಿ ವಾಸವಿದ್ದನು. ಮುಂದೆ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ ಗೋಡೆಯ ಚಿತ್ರಗಳಿಗೆ ಮತ್ತೆ ಬಣ್ಣ ಬಳಿಯಲಾಯಿತು. ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಅದೇ ಊರಿನಲ್ಲಿ ಸುಲ್ತಾನರು ಬಾಳಿದ ಲಾಲ್ ಮಹಲ್ ಉಳಿಯಲಿಲ್ಲ. ಪಟ್ಟಣದ ಅರಮನೆಯಿಂದ ಕಳಚಿದ ತೊಲೆಗಳು 1830ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಕಟ್ಟಡಕ್ಕೆ ಸಂದವು. ಕಾಯುವವರಿದ್ದ ಕಟ್ಟಡ ಉಳಿಯಿತು, ಕಾಯುವವರಿಲ್ಲದ್ದು ಅಳಿಯಿತು.

ಕಾನೂನು ಏನು ಹೇಳುತ್ತದೆ? ಮನೆ ಹಳೆಯದಾದ ಮಾತ್ರಕ್ಕೆ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಕೇಂದ್ರದ 1958ರ ಕಾಯ್ದೆಯ ಪ್ರಕಾರ ಅದಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು, ಚಾರಿತ್ರಿಕ ಮಹತ್ವವೂ ಇರಬೇಕು. ಸರಕಾರವು ಮೊದಲು ಎರಡು ತಿಂಗಳ ನೋಟಿಸು ಹೊರಡಿಸಿ ಆಕ್ಷೇಪಗಳನ್ನು ಆಲಿಸಬೇಕು. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆಯಿದೆ. ಘೋಷಣೆಯಾದೊಡನೆ ಒಡೆತನ ಕೈತಪ್ಪುವುದಿಲ್ಲ. ಆದರೆ ಮನಬಂದಂತೆ ಕೆಡವುವ, ಮಾರ್ಪಡಿಸುವ ಸ್ವಾತಂತ್ರ್ಯ ಉಳಿಯದು. ಕೇಂದ್ರದ ಸ್ಮಾರಕವಾದರೆ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದುದರಿಂದ ನೆರೆಹೊರೆಯವರ ಹಿತವನ್ನೂ ವಿಚಾರಿಸುವುದು ನ್ಯಾಯ.

ಸಹೋದರರೇ, ನಮ್ಮ ಮನೆಗಳನ್ನು ಕೆಡವುತ್ತಿರುವುದು ಬಹುತೇಕ ಸರಕಾರವಲ್ಲ, ನಮ್ಮ ಪಾಲಿನ ಜಗಳಗಳು. ಹಿರಿಯರು ತೀರಿಕೊಂಡ ಮೇಲೆ ಕಂಬ, ಬಾಗಿಲುಗಳು ಮರದ ವ್ಯಾಪಾರಿಗೆ, ನಿವೇಶನ ತುಂಡುತುಂಡಾಗಿ ಮಕ್ಕಳಿಗೆ. ಇನ್ನು ಕೆಲವೆಡೆ “ಅಜ್ಜನ ಮನೆ ಒಡೆಯಬಾರದು” ಎಂಬ ನೆಪದಲ್ಲಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗುತ್ತದೆ. ಮನೆಯ ಮೇಲಿನ ಅಭಿಮಾನವು ಅನ್ಯಾಯಕ್ಕೆ ಹೊದಿಕೆಯಾಗಬಾರದು. ಬಿಟ್ಟುಹೋದ ಆಸ್ತಿ ಅಲ್ಪವಿರಲಿ, ಅಧಿಕವಿರಲಿ, ಅದರಲ್ಲಿ ಸ್ತ್ರೀಯರಿಗೂ ಪಾಲಿದೆಯೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ನಿಶ್ಚಯಿಸಿದೆ. ಅದನ್ನು ರದ್ದುಗೊಳಿಸುವ ಅಧಿಕಾರ ಯಾವ ಅಣ್ಣನಿಗೂ ಇಲ್ಲ. ಕುಟುಂಬದ ಹೆಸರಿನಲ್ಲಿ ಮಾಡುವ ವಕ್ಫ್ ಸಹ ಸ್ತ್ರೀಯರ ವಾರಸು ಹಕ್ಕನ್ನು ಕಸಿಯುವಂತಿಲ್ಲವೆಂದು 2025ರ ವಕ್ಫ್ ತಿದ್ದುಪಡಿ ಕಾಯ್ದೆಯೂ ಹೇಳುತ್ತದೆ. ಆ ಕಾಯ್ದೆಯ ಇತರ ಅಂಶಗಳ ಬಗ್ಗೆ ನಮಗಿರುವ ವಿರೋಧ ಬೇರೆ. ಈ ಮಾತು ನಮಗೆ ಹೊಸದಲ್ಲ, ನಾವು ಮರೆತದ್ದು.

ಹಾಗಾದರೆ ದಾರಿಯೇನು? ಮನೆಗೆ ಬೆಲೆ ಕಟ್ಟಿಸಿ, ಉಳಿಸಿಕೊಳ್ಳುವವರು ಉಳಿದವರ ಪಾಲನ್ನು ಹಣವಾಗಿ ಸಲ್ಲಿಸಲಿ. ಅದಾಗದಿದ್ದರೆ ವಾರಸುದಾರರೆಲ್ಲರ ಹೆಸರಿನಲ್ಲಿ ಜಂಟಿ ಖಾತೆ ಇರಲಿ. ಕ್ರಯಪತ್ರ, ಕಂದಾಯದ ರಸೀದಿ, ಹಳೆಯ ಉರ್ದು ದಸ್ತಾವೇಜುಗಳನ್ನು ಗೆದ್ದಲಿಗೆ ಬಿಡದೆ ಪ್ರತಿ ಮಾಡಿಸಿಡಿ. ಅನಂತರ, ಮನೆಗೆ ನಿಜಕ್ಕೂ ಚಾರಿತ್ರಿಕ ಮಹತ್ವವಿದ್ದರೆ, ಎಲ್ಲ ವಾರಸುದಾರರೂ ಕೂಡಿ ಪುರಾತತ್ವ ಇಲಾಖೆಗೆ ಅರ್ಜಿ ಸಲ್ಲಿಸಲಿ.

ನ್ಯಾಯದ ಮೇಲೆ ನಿಂತ ಮನೆಗೆ ಸರಕಾರದ ಫಲಕ ಶೋಭೆ ತರುತ್ತದೆ. ತಂಗಿಯ ಪಾಲು ನುಂಗಿ ನಿಂತ ಮನೆಯನ್ನು ಯಾವ ಫಲಕವೂ ಕಾಯಲಾರದು. ಅಲ್ಲಾಹನು ನಮಗೆ ಹಕ್ಕುದಾರರ ಹಕ್ಕನ್ನು ಸಲ್ಲಿಸುವ ಸದ್ಬುದ್ಧಿಯನ್ನು ಕರುಣಿಸಲಿ. ಆಮೀನ್.